ನಾಯಿಗಿಂತ ಮೊದಲು ಬಂದ ಹಗ್ಗ

ನಾಯಿ ಸಾಕುವುದೆಂದರೆ ಏನು ಮಹಾ! ಎರಡು ಹೊತ್ತು ರೊಟ್ಟಿ ಹಾಕುವುದು, ಎರಡು ಹೊತ್ತು ತಿರುಗಾಡಿಸುವುದು. ಅಫಜಲಪುರದಲ್ಲಿ ಫೋಟೋ ಸ್ಟುಡಿಯೊ ನಡೆಸುತ್ತ, ಮುನಿದ ಬೀಗರನ್ನೆಲ್ಲ ಒಂದೇ ಫ್ರೇಮಿನಲ್ಲಿ ನಗಿಸಿ ನಿಲ್ಲಿಸಿದ ನನಗೆ ಒಂದು ನಾಯಿಮರಿ ಯಾವ ಲೆಕ್ಕ!

ಮರಿ ಇದ್ದದ್ದು ಮಟಕಿ ಎಂಬ ಊರಿನಲ್ಲಿ, ನನ್ನ ಹೆಂಡತಿ ಮಹಾದೇವಿಯ ತವರಿನಲ್ಲಿ. ಶೇಂಗಾ ಸಿಪ್ಪೆಯ ಬಣ್ಣದ್ದು. ನಾಲ್ಕನೇ ಕ್ಲಾಸಿನ ನಮ್ಮ ಪಲ್ಲವಿ ಅದಕ್ಕೆ ಆಗಲೇ ‘ಶೇಂಗಾ’ ಎಂದು ಹೆಸರಿಟ್ಟು, ದಿನಾ ವಿಡಿಯೊ ಕಾಲ್ ಮಾಡಿ ಮಾತಾಡಿಸುತ್ತಿದ್ದಳು. ಅಮಾವಾಸ್ಯೆಯೊಳಗೆ ಒಯ್ಯದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಅವಳ ಸೋದರಮಾವ ಹೇಳಿಬಿಟ್ಟಿದ್ದ.

ಮಹಾದೇವಿ ಒಪ್ಪಲಿಲ್ಲ. ಅವಳಿಗೆ ನನ್ನ ಚರಿತ್ರೆ ಗೊತ್ತು. ನಾನು ಹುರುಪಿನಿಂದ ತಂದ ಮೀನಿನ ಗಾಜಿನ ಪೆಟ್ಟಿಗೆಯಲ್ಲಿ ಈಗ ಬೆಳ್ಳುಳ್ಳಿ ಇದೆ. ವ್ಯಾಯಾಮದ ಸೈಕಲ್ಲಿನ ಮೇಲೆ ಟವೆಲ್ ಒಣಗುತ್ತದೆ.

“ನಾ ಸಣ್ಣಾಕಿ ಇದ್ದಾಗ ತವರಿನ್ಯಾಗ ಒಂದು ನಾಯಿ ಇತ್ರಿ,” ಅಂದಳು. “ಭಾಳ ಹುರುಪಿಲೆ ತಂದ್ರು. ಆಮ್ಯಾಲ ಕಂಬಕ್ಕ ಕಟ್ಟಿ ಮರತೇ ಬಿಟ್ರು. ಯಾರರೆ ಬಿಚ್ಚತಾರೇನಂತ ದಿನಾ ಬಾಗಲಾ ನೋಡ್ಕೋತ ಕುಂದ್ರತಿತ್ತು. ಅದರ ಕಣ್ಣು ನನಗ ಇನ್ನಾ ನೆನಪದ. ನನ್ನ ಮನ್ಯಾಗ ಅಂಥಾ ಕಣ್ಣು ಬ್ಯಾಡ.”

ಮಗಳ ಮುಖ ಸಣ್ಣದಾಯಿತು. ಅದನ್ನು ನೋಡಿ ಮಹಾದೇವಿಯೇ ಒಂದು ಶರತ್ತು ಹಾಕಿದಳು.

“ಹದಿನೈದು ದಿನ, ನಸುಕಿನ್ಯಾಗ ಒಂದು ತಾಸು, ಸಂಜಿಗೆ ಒಂದು ತಾಸು, ಹಗ್ಗ ಹಿಡಕೊಂಡು ತಿರುಗ್ರಿ. ಒಂದು ದಿನ ತಪ್ಪಿತೋ, ನಾಯಿ ಇಲ್ಲ.”

“ನಾಯಿ ಇಲ್ಲದ ಬರೇ ಹಗ್ಗಾನಾ?”

“ಹೂಂ. ಬರೇ ಕೈಲೆ ಹೋದ್ರ ನೀವು ಸೀದಾ ಚಾದಂಗಡಿಗೆ ಹೋಗ್ತೀರಿ!”

ಅಟ್ಟದ ಮೇಲಿಂದ ಒಂದು ಹಳೆಯ ಹಗ್ಗವನ್ನೂ ಅವಳೇ ಇಳಿಸಿಕೊಟ್ಟಳು. ತವರಿನಿಂದ ಯಾವುದೋ ಮೂಟೆ ಕಟ್ಟಿಕೊಂಡು ಬಂದದ್ದು. ಮೂಲತಃ ಅದು ಎಮ್ಮೆ ಕಟ್ಟುವ ಹಗ್ಗ!

ನಮ್ಮ ಕಡೆ ನಸುಕಿನಲ್ಲಿ ಬರಿ ಹಗ್ಗ ಹಿಡಿದು ನಡೆಯುವವನನ್ನು ಕಂಡರೆ ಅರ್ಥ ಒಂದೇ. ಅವನ ದನ ಕಣ್ಣಿ ಹರಿದುಕೊಂಡು ಹೋಗಿದೆ. ಕಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಹುಡುಕಲು ಬರಬೇಕು. ಇಂದು ಅವನದು, ನಾಳೆ ನಮ್ಮದು. ಇದು ನನಗೂ ಗೊತ್ತಿತ್ತು. ಹವಳಗಾ ರಸ್ತೆ ಮುಟ್ಟುವವರೆಗೆ ನೆನಪಾಗಲಿಲ್ಲ, ಅಷ್ಟೆ.

ರಸ್ತೆ ಪಕ್ಕದ ಹೊಲದಲ್ಲಿ ಗುರುಬಸಪ್ಪ ಕಬ್ಬಿಗೆ ನೀರು ತಿರುಗಿಸುತ್ತಿದ್ದರು. ನನ್ನ ಕೈ ನೋಡಿ ಸಲಿಕೆ ಕೆಳಗಿಟ್ಟರು.

“ಯಾವಾಗ ಹರಕೊಂಡು ಹೋತ್ರಿ, ಫೋಟೋ ಸಾಹೇಬ್ರ?”

ಇನ್ನೂ ಮನೆಗೇ ಬಾರದ ನಾಯಿಯನ್ನು ತಿರುಗಾಡಿಸುತ್ತಿದ್ದೇನೆ ಎಂದು ಐವತ್ತರ ಗಂಡಸು ಹೇಗೆ ಹೇಳುವುದು? “ಈಗರೆ,” ಅಂದೆ.

“ಹೋರೀನೋ, ಎಮ್ಮೀನೋ?”

“ಎಮ್ಮಿ ರಿ.”

“ಗುರುತು?”

ಮದುವೆ ಫೋಟೋ ತೆಗೆಯುವವನಿಗೆ ವಿವರ ಕೊಡುವ ಚಟ ಇರುತ್ತದೆ. “ಎಡಗೋಡು ಒಂದೀಟು ಸೊಟ್ಟ ಅದ,” ಅಂದುಬಿಟ್ಟೆ. ಹಾಲಿನ ಪಾಕೀಟಿನ ಹೊರತು ಎಮ್ಮೆಯೊಂದಿಗೆ ನನಗೆ ಬೇರೆ ಸಂಬಂಧವೇ ಇರಲಿಲ್ಲ!

ಗುರುಬಸಪ್ಪ ಅಂದು ಒಂದು ತಾಸು ನನ್ನ ಜೊತೆ ನಡೆದರು. ಮೂರನೇ ದಿನಕ್ಕೆ ಐದು ಜನರಾದೆವು. ಆರನೇ ದಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನವರಿಗೆಲ್ಲ ಸುದ್ದಿ ಮುಟ್ಟಿತ್ತು. ನಿಜ ಹೇಳಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಯಾರಾದರೂ ಹೆಗಲ ಮೇಲೆ ಕೈಯಿಟ್ಟು, “ಫಿಕರ್ ಮಾಡಬ್ಯಾಡ್ರಿ, ಸಿಗ್ತದ,” ಅನ್ನುತ್ತಿದ್ದರು. ಮತ್ತೆ ಬಾಯಿ ಮುಚ್ಚುತ್ತಿದ್ದೆ.

ಏಳನೇ ದಿನ ಒಬ್ಬರಿಗೆ ಜ್ಞಾನೋದಯವಾಯಿತು. “ಸಾಹೇಬ್ರ, ನಿಮ್ಮ ಎಮ್ಮೀದು ಒಂದು ಫೋಟೋ ಕೊಡ್ರಿ. ಗ್ರೂಪಿಗೆ ಹಾಕ್ತೀವಿ.”

“ಫೋಟೋ ಇಲ್ರಿ.”

ಎಲ್ಲರೂ ನಿಂತು ನನ್ನನ್ನು ನೋಡಿದರು. “ಊರ ಮಂದೀದೆಲ್ಲಾ ತಗದೀರಿ, ಮನಿ ಎಮ್ಮೀದು ಒಂದು ತಗೀಲಿಲ್ಲಾ?” ಎಂದು ಗುರುಬಸಪ್ಪ ಬೇಸರಪಟ್ಟುಕೊಂಡರು. ಇಲ್ಲದ ಎಮ್ಮೆಗೆ ನಾನು ಮಾಡಿದ ಅನ್ಯಾಯಕ್ಕೆ ನನಗೇ ನಾಚಿಕೆಯಾಯಿತು! ಅವರು ಅಲ್ಲೇ ಕೈಮುಗಿದು, ಎಮ್ಮೆ ಸಿಕ್ಕರೆ ಘತ್ತರಗಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸುವುದಾಗಿ ಹರಕೆಯನ್ನೂ ಹೊತ್ತರು.

ಮನೆಯಲ್ಲಿ ಮಾತ್ರ ನನ್ನ ಕೀರ್ತಿ ಏರುತ್ತಿತ್ತು. ಪಲ್ಲವಿ ದಿನಕ್ಕೊಂದರಂತೆ ಬಾಗಿಲ ಹಿಂದೆ ಸುಣ್ಣದ ಗೀಟು ಎಳೆಯುತ್ತಿದ್ದಳು. ಮಹಾದೇವಿ ಕೇಳದೆಯೇ ಬೆಳಗಿನ ಚಹಾ ಕೊಡತೊಡಗಿದ್ದಳು.

ಹನ್ನೊಂದನೇ ದಿನ ನಾನು ಹಗ್ಗ ಹಿಡಿದು ಬಾಗಿಲು ತೆರೆದರೆ, ಮುಂದೆ ಒಂದು ಎಮ್ಮೆ ನಿಂತಿತ್ತು. ಸುತ್ತ ಹದಿನೈದು ಜನ. ನನ್ನ ದುರ್ದೈವಕ್ಕೆ ಅದರ ಎಡಗೋಡು ಬರಾಬರ್ ಸೊಟ್ಟ!

“ಸಿಕ್ತು ನೋಡ್ರಿ!” ಗುರುಬಸಪ್ಪನವರ ಕಣ್ಣಲ್ಲಿ ನೀರಿತ್ತು.

“ಯಾರದ್ರಿ ಈ ಎಮ್ಮಿ?” ಎಂದು ಮಹಾದೇವಿ ಹೊರಗೆ ಬಂದಳು. ಅಷ್ಟರಲ್ಲಿ ಜನರ ಹಿಂದಿನಿಂದ ಒಬ್ಬ ಮುದುಕಿ ನುಗ್ಗಿ ಬಂದಳು. ಹವಳಗಾದ ಶಾಂತವ್ವ. ಅವಳ ಕೈಯಲ್ಲೂ ಬರಿ ಹಗ್ಗ.

“ಎರಡು ದಿನದಿಂದ ಇದರ ಕರಾ ಹಾಲಿಲ್ದ ಒದರಾಕತ್ತದ ಯಪ್ಪಾ,” ಎಂದು ಎಮ್ಮೆಯ ಕುತ್ತಿಗೆ ತಬ್ಬಿದಳು.

“ಇದು ಸಾಹೇಬ್ರ ಎಮ್ಮಿ ಬೇ!” ಎಂದು ಗುರುಬಸಪ್ಪ ಗದರಿದರು. “ಕೋಡು ನೋಡು. ಹನ್ನೊಂದು ದಿನದಿಂದ ಹುಡುಕಾಕತ್ತೀವಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಸತ್ಯ ಹೇಳಿದರೆ ಮಾನ ಹೋಗುತ್ತದೆ, ಬಹುಶಃ ನಾಯಿಯೂ ಹೋಗುತ್ತದೆ. ಬಾಗಿಲ ಹಿಂದಿನ ಗೀಟುಗಳ ಪಕ್ಕ ಪಲ್ಲವಿ ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಎಲ್ಲೋ ಕರು ಹಸಿದಿತ್ತು.

“ಎಮ್ಮಿ ಈ ಅಮ್ಮಂದು ರಿ,” ಅಂದೆ. “ನನಗ ಎಮ್ಮೀನೇ ಇಲ್ಲ. ನಾ ತಿರುಗಾಡಿಸಿದ್ದು ನಾಯಿ.”

“ನಾಯಿ ಎಲ್ಲಿ ಅದ?”

“ಅದು ಇನ್ನಾ ಬಂದಿಲ್ರಿ.”

ಗುರುಬಸಪ್ಪ ಕಟ್ಟೆಯ ಮೇಲೆ ಕುಳಿತರು. “ಅಂದ್ರ, ಬರಲಾರದ ನಾಯಿ ಸಲುವಾಗಿ ಇಲ್ಲದ ಎಮ್ಮಿ ಹುಡುಕೀವಿ?”

“ಹೌದ್ರಿ.”

ಶಾಂತವ್ವನೇ ಮೊದಲು ನಕ್ಕಳು. “ಇಲ್ಲದ್ದು ಹುಡುಕಿ ಇದ್ದದ್ದು ಸಿಕ್ತಲ್ಲಪ್ಪಾ. ಬೈಬ್ಯಾಡ್ರಿ ಅವಗ.” ಯಾರೂ ಬೈಯಲಿಲ್ಲ. ಅದರ ಬದಲು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು! ಹೋಗುವಾಗ ಗುರುಬಸಪ್ಪ, ಘತ್ತರಗಿಯ ಕಾಯಿ ನಾನೇ ಒಡೆಯಬೇಕು, ಅದೂ ನಡೆದುಕೊಂಡು ಹೋಗಿ ಎಂದು ತೀರ್ಪು ಕೊಟ್ಟರು.

ಒಳಗೆ ಬಂದು ಹಗ್ಗವನ್ನು ಮಹಾದೇವಿಯ ಮುಂದಿಟ್ಟೆ. “ಆತು ಬಿಡು. ಊರಿಗೆಲ್ಲಾ ಸುಳ್ಳು ಹೇಳ್ದೆ.”

“ಹೇಳೀರಿ,” ಅಂದಳು. “ಖರೇ, ಒಂದು ದಿನಾನೂ ತಪ್ಪಿಸಲಿಲ್ಲ. ಇಲ್ಲದ ಜೀವಕ್ಕ ಇಷ್ಟು ತಿರುಗಿದವ್ರು, ಇದ್ದ ಜೀವಾನ ಕಂಬಕ್ಕ ಕಟ್ಟಿ ಮರಿಯೂದಿಲ್ಲ.” ಹಗ್ಗ ಎತ್ತಿ ಮತ್ತೆ ನನ್ನ ಕೈಗೇ ಕೊಟ್ಟಳು. “ಇವತ್ತು ಹಿಡದು ಇನ್ನಾ ಐದು ದಿನ ಉಳದಾವ. ಏಳ್ರಿ. ನಾನೂ ಬರ್ತೀನಿ.”

ಹದಿನೈದೂ ದಿನ ಮುಗಿದು, ಅಮಾವಾಸ್ಯೆಗೆ ಮೊದಲೇ ಶೇಂಗಾ ಮನೆಗೆ ಬಂತು. ಇಷ್ಟೆಲ್ಲ ತಾಲೀಮು ಮಾಡಿದ ನಾನು ಹಗ್ಗ ಹಾಕಿದರೆ ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಹಗ್ಗ ಬಿಚ್ಚಿದರೆ ಮಹಾದೇವಿಯ ಸೀರೆಯ ಹಿಂದೆ ಓಡುತ್ತದೆ. ಹಾಗಾಗಿ ಈಗ ಹವಳಗಾ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಅವಳು, ಮಗಳು, ನಾಯಿ ಮುಂದೆ. ನಾನು ಹಿಂದೆ, ಬರಿ ಹಗ್ಗ ಹಿಡಿದು. ನಡುನಡುವೆ ಶೇಂಗಾ ನಿಂತು, ನಾನು ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡುತ್ತದೆ. ಆ ಕಣ್ಣು ನೋಡಿದರೆ ನನಗೆ ನಾಳೆಯೂ ಏಳಬೇಕೆನಿಸುತ್ತದೆ.

ಮೊನ್ನೆ ಹೊಸಬನೊಬ್ಬ ನನ್ನ ಕೈ ನೋಡಿ ಬೈಕು ನಿಲ್ಲಿಸಿದ. “ಏನು ಕಳಕೊಂಡೀರಿ? ಹುಡುಕಾಕ ಬರ್ಲೇನ್ರಿ?”

“ಮರ್ಯಾದಿ ರಿ,” ಅಂದೆ. “ಅದು ಸಿಗೂದಿಲ್ಲ. ನೀವು ಹೋಗ್ರಿ.”