ಐದಡಿಯ ಮೂವತ್ತು ಮಹಡಿ

ಅಂಟು ಕೈಕೊಟ್ಟಿದ್ದು ಹನ್ನೆರಡನೆಯ ಮಹಡಿಯಲ್ಲಿ. ಮೂವತ್ತು ಮಹಡಿಯ ವಿದ್ಯಾರ್ಥಿನಿಲಯದ ಮಾದರಿ, ಊಟ ಹೆಚ್ಚಾದ ಬೀಗರ ಹಾಗೆ ಸೊಂಟ ವಾಲಿಸಿಕೊಂಡು ನಿಂತಿತ್ತು.

ಎತ್ತರ ಐದಡಿ. ಆಲದ ಮರವನ್ನು ನೋಡಿ ನೋಡಿ ಅನುವತ್ ಕೆತ್ತಿದ್ದ: ಬಿಳಲುಗಳೇ ಕಂಬ, ಪೊಟರೆಗಳೇ ಕೋಣೆ. ಅದಕ್ಕಾಗಿ ಹಳೆಯ ದೋಣಿಯ ಮರ ತಂದು ಮೂರು ತಿಂಗಳು ಉಜ್ಜಿದ್ದ. ಬ್ಯಾಂಕಾಕಿನ ಒಂದು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಹದಿನೆಂಟು ವರ್ಷ ಬೇರೆಯವರ ಕಟ್ಟಡಗಳಿಗೆ ಮೆಟ್ಟಿಲು ಬರೆದವನಿಗೆ ಇದು ಮೊದಲ ಸ್ವಂತ ಕಟ್ಟಡ. ಮೂರು ಗಂಟೆಗೆ ವಿಶ್ವವಿದ್ಯಾಲಯದ ಸಮಿತಿ ಬಂದು ಒಪ್ಪಬೇಕಿತ್ತು, ಅಷ್ಟೇ.

ಹೊಸದಾಗಿ ಬಳಿದ ಅಂಟು ಒಣಗುವ ತನಕ ಬಿಗಿಯಲು ಏನಾದರೂ ಬೇಕಾಯಿತು. ಸಹೋದ್ಯೋಗಿ ಜಿನ್ತನಾ ತನ್ನ ತಮ್ಮನ ಹೊಸ ದೋಣಿಯ ಮೂತಿಗೆ ಕಟ್ಟಲೆಂದು ತಂದ ಮೂರು ಬಣ್ಣದ ಬಟ್ಟೆಯ ಪಟ್ಟಿ ಮೇಜಿನ ಮೇಲಿತ್ತು. ಅದನ್ನೇ ಸುತ್ತಿ, ಮಾದರಿಯನ್ನು ಕೆಳಗೆ ಜಗಲಿಯ ಬಿಸಿಲಿಗಿಟ್ಟು, ನಕ್ಷೆ ಮುದ್ರಿಸಲು ಹೋದ. ದೇವತೆ ನೆಲೆಸಿದ ಮರಕ್ಕೂ ಇದೇ ಪಟ್ಟಿ ಕಟ್ಟುತ್ತಾರೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಸರದಲ್ಲಿರುವವನಿಗೆ ಬಟ್ಟೆ ಬರೀ ಬಟ್ಟೆ.

ಒಂದು ಗಂಟೆ ಬಿಟ್ಟು ಬಂದರೆ ಮಾದರಿಯ ಮುಂದೆ ಚೆಂಡುಹೂವಿನ ಹಾರ, ಹೀರುಕೊಳವೆ ಹಾಕಿದ ಕೆಂಪು ಶರಬತ್ತಿನ ಬಾಟಲಿ. ಕಾವಲುಗಾರ ಬುನ್ಮಾ ಮೊಣಕಾಲೂರಿ ಒಂಬತ್ತನೆಯ ಮಹಡಿಗೆ ಪೌಡರ್ ಉದುರಿಸಿ ಬೆರಳಿನಿಂದ ಉಜ್ಜುತ್ತಿದ್ದ. ಮಾರನೆಯ ದಿನ ಲಾಟರಿ; ದೇವತೆಯ ಮರವನ್ನು ಹೀಗೆ ಉಜ್ಜಿದರೆ ಗೆಲ್ಲುವ ಅಂಕಿ ಮೂಡುತ್ತದೆಂದು ನಂಬಿಕೆ.

“ಏನ್ಮಾಡ್ತಿದ್ದೀರಿ ಮಾಮ?”

“ಮೆತ್ತಗೆ ಮಾತಾಡೋ. ಅಮ್ಮ ನಂಬರ್ ತೋರಿಸ್ತಿದ್ದಾಳೆ. ಏಳು ಬಂತು.”

“ಅದು ಏಳಲ್ಲ, ಕಿಟಕಿ. ಇದು ನಾನು ಮಾಡಿದ ಹಾಸ್ಟೆಲ್ಲು.”

“ಮನೆ ಕಟ್ಟೋನು ಬೇರೆ, ಬಂದು ಸೇರ್ಕೊಳ್ಳೋರು ಬೇರೆ. ಇಷ್ಟು ಓದಿದೀಯ, ಅದು ಗೊತ್ತಾಗಲ್ವಾ?”

ಅನುವತ್ ಪಟ್ಟಿಗೆ ಕೈ ಹಾಕಿದ. ಜಿನ್ತನಾ ಓಡಿಬಂದು ಕೈ ಹಿಡಿದಳು.

“ಬಿಚ್ಬೇಡ ಕಣೋ. ತಮ್ಮನಿಗೆ ಬೇರೆ ತರ್ತೀನಿ. ಅಮ್ಮ ಯಾರ ಮೇಲೆ ಮುನಿಸ್ಕೋತಾಳೋ, ನಂಗೆ ಮಕ್ಕಳಿದಾರೆ.”

“ನಂಗೆ ಮೀಟಿಂಗ್ ಇದೆ ಅಕ್ಕ.”

“ಮೀಟಿಂಗು ಯಾರ ಮೇಲೂ ಮುನಿಸ್ಕೊಳ್ಳಲ್ಲ, ಬಿಡು.”

ಮಧ್ಯಾಹ್ನದ ಹೊತ್ತಿಗೆ ನೂಡಲ್ ಗಾಡಿಯವಳು, ಬೈಕ್ ಟ್ಯಾಕ್ಸಿಯವರು, ಎದುರಿನ ದರ್ಜಿ, ಎಲ್ಲರೂ ಬಂದು ಹೋಗಿದ್ದರು. ಮಾದರಿಯ ತಾರಸಿಯ ಮೇಲೆ ಅಮ್ಮನಿಗೆಂದು ಕನ್ನಡಿ, ಬಾಚಣಿಗೆ. ಹದಿನಾಲ್ಕನೆಯ ಮಹಡಿಯಿಂದ ಕೆಳಕ್ಕೆ ಗುಲಾಬಿ ರೇಷ್ಮೆಯ ಲಂಗ.

ಸಮಿತಿ ಹೇಳಿದ ಹೊತ್ತಿಗೇ ಬಂತು. ಅಧ್ಯಕ್ಷೆ ಸುಪಾನೀ ಭೌತಶಾಸ್ತ್ರದ ಪ್ರಾಧ್ಯಾಪಕಿ. ಮಾದರಿಯನ್ನು ಒಂದು ಸುತ್ತು ಬಂದರು. ನಿಂತರು. ಆಮೇಲೆ ಚಪ್ಪಲಿ ಬಿಟ್ಟು, ಮೊಣಕಾಲೂರಿ, ಕೈ ಮುಗಿದರು. ಹಿಂದಿದ್ದ ನಾಲ್ವರೂ ಸಾಲಾಗಿ ಕೂತರು.

“ಮಾಡಿದ್ದು ಯಾರು?”

“ನಾನೇ ಮೇಡಂ.”

“ಜೀವ ಇದೆ ಇದ್ರಲ್ಲಿ. ನಮ್ಮ ಜಾಗದಲ್ಲಿ ಇದು ನಿಲ್ಲಲೇಬೇಕು.” ಅಲ್ಲೇ ಕಾಗದ ತರಿಸಿ ಸಹಿ ಹಾಕಿದರು.

ಅನುವತ್‌ನ ಕಣ್ಣು ತುಂಬಿತು. “ಹಾಗಾದ್ರೆ ಮೂವತ್ತು ಮಹಡಿನೂ...”

“ಛೆ, ಎಲ್ಲಾದ್ರೂ ಉಂಟೇ? ಅಮ್ಮನ ಮೈಮೇಲೆ ಎಂಟುನೂರು ಹುಡುಗರು ಚಡ್ಡಿ ಒಣಹಾಕೋದಾ? ಇದನ್ನ ಹೀಗೇ ಒಯ್ದು ಗೇಟಿನ ಪಕ್ಕ ಮಂಟಪದಲ್ಲಿ ಇಡ್ತೀವಿ. ಹಾಸ್ಟೆಲ್ಲು ಹಿಂದ್ಗಡೆ. ಆ ಇನ್ನೊಂದು ಕಂಪನಿಯವರ ಡಬ್ಬಿ ಥರದ್ದೇ ಸಾಕು.”

ಸಂಜೆಗೆಲ್ಲ ಮಾದರಿ ವಿಶ್ವವಿದ್ಯಾಲಯದ ಗೇಟಿನ ಬಳಿ ನಿಂತಿತ್ತು. ಪರೀಕ್ಷೆಯ ಕಾಲ, ವಿದ್ಯಾರ್ಥಿಗಳು ಹಾರ ಹಿಡಿದು ಬಂದರು, ಸಾಲು ಬಸ್ ನಿಲ್ದಾಣ ಮುಟ್ಟಿತು. ಅನುವತ್ ರಸ್ತೆಯಾಚೆ ನಿಂತು ನೋಡಿದ. ತನ್ನದೆಂದು ಒಂದು ಕಟ್ಟಡ ನಿಂತಿದೆ, ಮಕ್ಕಳು ಬರುತ್ತಿದ್ದಾರೆ, ನಗುತ್ತ ಹೋಗುತ್ತಿದ್ದಾರೆ. ಒಳಗೆ ವಾಸವಿರುವುದೊಂದೇ ಬಾಕಿ.

ಆರನೆಯ ಮಹಡಿಯ ಬಾಲ್ಕನಿ ಸ್ವಲ್ಪ ಸೊಟ್ಟಗಾಗಿತ್ತು. ಸರಿಪಡಿಸೋಣವೆಂದು ಹತ್ತಿರ ಹೋದ.

“ಅಣ್ಣ, ಸಾಲಲ್ಲಿ ಬನ್ನಿ,” ಎಂದಳು ಮುಂದಿದ್ದ ಹುಡುಗಿ. “ಬೆಳಗಿಂದ ಓದಿ ಬಂದು ನಿಂತಿದೀವಿ ನಾವು.”

ಅನುವತ್ ಹೋಗಿ ಸಾಲಿನ ಕೊನೆಗೆ ನಿಂತ.