ಬೈಗುಳವನ್ನು ಹಿಂದಿರುಗಿಸುವ ಕುರಿತು

ಸಂಖ್ಯೆ: ಚರಂಡಿ/ಕಿರು ವಿಡಿಯೊ/ಬೈಗುಳ/7

ವಿಷಯ: ಸಚಿವರ ಕಿರು ವಿಡಿಯೊದ ಕೆಳಗೆ ಸಾರ್ವಜನಿಕರು ಬಳಸುತ್ತಿರುವ ಭಾಷೆ.

ಉಲ್ಲೇಖ: ಸಚಿವರ ತಾಯಿಯವರ ಕಾಮೆಂಟ್.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಲಾಖೆಯ ಖಾತೆಯಲ್ಲಿ ಸಚಿವರ ಅರ್ಧ ನಿಮಿಷದ ವಿಡಿಯೊ ಪ್ರಕಟವಾಯಿತು. ಊಟದ ಹೊತ್ತಿಗೆ ಅದರ ಕೆಳಗೆ ಬೈಗುಳ ತುಂಬಿತು. ಹೊಣೆ ಯಾರದೆಂದು ಸಭೆ ಸೇರಿ ಚರ್ಚಿಸಿ, ವಿಡಿಯೊ ತೆಗೆದ ಗುತ್ತಿಗೆ ಛಾಯಾಗ್ರಾಹಕಿಯದೆಂದು ತೀರ್ಮಾನಿಸಲಾಗಿದೆ. ಆಕೆಯನ್ನು ಸಭೆಗೆ ಕರೆದಿರಲಿಲ್ಲ. ಬೈಗುಳ ನಿಲ್ಲುವವರೆಗೆ ಆಕೆಯ ಗುತ್ತಿಗೆಯ ನವೀಕರಣವನ್ನು ತಡೆಹಿಡಿಯಲಾಗಿದೆ. ಆದ್ದರಿಂದ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಈ ಹಿಂದೆ ಸಚಿವರು ಚರಂಡಿ ದುರಸ್ತಿ ಕುರಿತು ಕುಳಿತು, ಸಮಾಧಾನದಿಂದ ಮಾತನಾಡಿದ ವಿಡಿಯೊವನ್ನು ಕೊನೆಯವರೆಗೆ ನೋಡಿದವರು ಅವರ ಕಾರು ಚಾಲಕರು ಮಾತ್ರ. ಅವರೂ ಸಚಿವರು ಹೊರಗೆ ಬರುವುದನ್ನು ಕಾಯುತ್ತಿದ್ದರು. ಆದಕಾರಣ ಸೋಮವಾರದ ವಿಡಿಯೊದಲ್ಲಿ ಬೆರಳು ತೋರಿಸಿ ಕೂಗುವ ಶೈಲಿಯನ್ನು ಅಳವಡಿಸಿಕೊಳ್ಳಲಾಗಿದೆ.

2. ಅದರಲ್ಲಿ ಸಚಿವರು ವಿರೋಧ ಪಕ್ಷದ ನಾಯಕರನ್ನು ಕುರಿತು ಕೂಗಿದ "ತಲೇಲಿ ಬರೀ ಮಣ್ಣು ತುಂಬ್ಕೊಂಡವ್ನೇ" ಎಂಬ ವಾಕ್ಯವನ್ನು ಈ ಕಚೇರಿಯೇ ರಚಿಸಿದ್ದು, ಅದಕ್ಕೆ ಮೂರು ಹಂತಗಳಲ್ಲಿ ಅನುಮೋದನೆ ದೊರೆತಿದೆ. ಕೊನೆಯಲ್ಲಿದ್ದ "ದಯವಿಟ್ಟು ಅನ್ಯಥಾ ಭಾವಿಸಬಾರದು" ಎಂಬುದನ್ನು ಸಮಯದ ಅಭಾವದಿಂದ ಕೈಬಿಡಲಾಗಿದೆ.

3. ಸದರಿ ವಾಕ್ಯವನ್ನು ಸಚಿವರಿಗೇ ಹಿಂದಿರುಗಿಸತಕ್ಕದ್ದಲ್ಲ. ಹಿಂದಿರುಗಿಸಲೇಬೇಕೆನಿಸಿದವರು ಮೂರು ಪ್ರತಿಗಳಲ್ಲಿ, ಕಚೇರಿ ವೇಳೆಯಲ್ಲಿ ಸಲ್ಲಿಸಬೇಕು.

4. "ತಲೇಲಿರೋದು ಆಮೇಲೆ ನೋಡೋಣ, ನಮ್ಮ ಬೀದಿ ಮೋರೀಲಿರೋ ಮಣ್ಣು ತೆಗೀರಿ ಸ್ವಾಮಿ" ಎಂಬ ಕಾಮೆಂಟಿನಲ್ಲಿ ಯಾವುದೇ ಬೈಗುಳ ಪತ್ತೆಯಾಗಿಲ್ಲ. ಆದರೂ ಅದನ್ನು ಅತ್ಯಂತ ಅಸಭ್ಯವೆಂದು ವರ್ಗೀಕರಿಸಲಾಗಿದೆ.

5. ಹಲ್ಲು ಕಾಣದ ನಗುಮುಖದ ಚಿಹ್ನೆಗೆ ಅನುಮತಿ ಇದೆ. ಕಣ್ಣೀರು ಬರುವಂತೆ ನಗುವ ಮುಖಕ್ಕೆ ಇಲ್ಲ.

6. ಇಲಾಖೆಯ ಖಾತೆಯಿಂದಲೇ "ಥೂ" ಎಂದು ಬರೆದ ಅಧಿಕಾರಿ ಯಾರೆಂದು ತಿಳಿದಿದೆ. ಅವರು ಈ ಸುತ್ತೋಲೆಗೆ ಸಹಿ ಮಾಡಬೇಕಿರುವುದರಿಂದ, ತಿಳಿದಿಲ್ಲವೆಂದು ದಾಖಲಿಸಲಾಗಿದೆ.

7. ಸಚಿವರ ತಾಯಿಯವರು ಬರೆದ "ಕೂಗ್ಬೇಡ ಮಗಾ, ಗಂಟಲು ಕೆಡುತ್ತೆ. ಬೆರಳು ಕೆಳಗಿಳಿಸು" ಎಂಬುದು ವಿಡಿಯೊಗಿಂತ ಹೆಚ್ಚು ಮೆಚ್ಚುಗೆ ಗಳಿಸಿದೆ. ಇದು ಟೀಕೆಯೋ ಆರೈಕೆಯೋ ಎಂಬ ಬಗ್ಗೆ ಕಾನೂನು ಅಭಿಪ್ರಾಯ ಕೋರಲಾಗಿದೆ. ಅಲ್ಲಿಯವರೆಗೆ ಬೇರೆ ತಾಯಂದಿರು ಬರೆಯುವಂತಿಲ್ಲ.

ಸಹಿ/-
ಉಪನಿರ್ದೇಶಕರು (ಚರಂಡಿ ಮತ್ತು ಸಭ್ಯತೆ)

ಪ್ರತಿಗಳು:
ವಿರೋಧ ಪಕ್ಷದ ನಾಯಕರಿಗೆ, ಅನ್ಯಥಾ ಭಾವಿಸದಿರಲು.
ಕಾರು ಚಾಲಕರಿಗೆ, ಕೃತಜ್ಞತೆಯೊಂದಿಗೆ.
ಸಚಿವರ ತಾಯಿಯವರಿಗೆ, ಸೂಕ್ತ ಕ್ರಮಕ್ಕಾಗಿ.
ಕಚೇರಿ ಕಡತಕ್ಕೆ.

ಕಡತದ ಪ್ರತಿಯ ಮೇಲಿನ ಷರಾ: ತಾಯಿಯವರಿಂದ ಉತ್ತರ ಬಂದಿದೆ. "ಬೈದಿದ್ದು ನನ್ನ ಮಗ. ಬರ್ಕೊಟ್ಟಿದ್ದು ನೀವು. ಆ ಹುಡುಗಿ ಏನಪ್ಪಾ ಮಾಡಿದ್ಲು?" ಗುರುವಾರ ಛಾಯಾಗ್ರಾಹಕಿಯ ಗುತ್ತಿಗೆಯನ್ನು ನವೀಕರಿಸಲಾಯಿತು. ಮೋರಿಯ ಮಣ್ಣು ಹಾಗೆಯೇ ಇದೆ.