ಆಡಿದಂತೆ ಪರಿಗಣಿಸಲಾದ ಮೂರನೆಯ ಪಂದ್ಯ

ನೆರೆ ರಾಷ್ಟ್ರದ ತಂಡದೊಂದಿಗೆ ನಮ್ಮ ರಾಷ್ಟ್ರೀಯ ತಂಡ ಆಡಿದ ಮೂರು ಕ್ರಿಕೆಟ್ ಪಂದ್ಯಗಳ ಸರಣಿಯು ಯಾವುದೇ ಅಹಿತಕರ ಘಟನೆಯಿಲ್ಲದೆ ಮುಕ್ತಾಯಗೊಂಡಿದೆ. ಮೂರನೆಯ ಪಂದ್ಯದಲ್ಲಿ ಚೆಂಡೇ ಕಾಣಲಿಲ್ಲವೆಂದು ಕೆಲವರು ಹುಯಿಲೆಬ್ಬಿಸಿದ್ದಾರೆ. ಇಂಥವರಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ. ಕ್ರಿಕೆಟ್ ಮಂಡಳಿಯ ಪ್ರಕಟಣಾ ವಿಭಾಗದಲ್ಲಿ ತಲೆ ನರೆತವನು ನಾನು, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲ ಪಂದ್ಯಕ್ಕೆ ಮುಖ್ಯ ಅತಿಥಿಗಳಾಗಿ ಬಂದ ಮಂತ್ರಿಗಳಿಗೆ ಮಧ್ಯಾಹ್ನ ಸೇತುವೆಯೊಂದರ ಉದ್ಘಾಟನೆಯಿತ್ತು. ಸಂಜೆಯವರೆಗೆ ಕಾಯುವಷ್ಟು ಪುರುಸೊತ್ತು ಅವರಿಗೆಲ್ಲಿ? ಹೀಗಾಗಿ ಬಹುಮಾನ ವಿತರಣೆಯನ್ನು ಬೆಳಿಗ್ಗೆಯೇ ಮುಗಿಸಲಾಯಿತು. ಆತಿಥೇಯರು ನಾವಾದ್ದರಿಂದ ಗೆದ್ದವರ ಬಹುಮಾನ ನಮ್ಮ ನಾಯಕನ ಕೈ ಸೇರಿತು. ಆಮೇಲೆ ಆಟ ನಡೆದು ನಾವು ಸೋತೆವು. ಕೊಟ್ಟ ಬಹುಮಾನ ವಾಪಸ್ ಕೇಳಿದರೆ ಮಂತ್ರಿಗಳ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಕಾರ್ಯದರ್ಶಿಗಳು ಮರುದಿನವೇ ಹೊಸ ನಿಯಮ ಹೊರಡಿಸಿದರು: "ಅತಿಥಿಗಳ ಹಸ್ತದಿಂದ ಕೊಡಲ್ಪಟ್ಟ ಬಹುಮಾನವೇ ಅಂತಿಮ. ಆಟದಲ್ಲಿ ಕಂಡುಬರುವ ವ್ಯತ್ಯಾಸಗಳನ್ನು ಆಟಗಾರರೇ ಸರಿಪಡಿಸಿಕೊಳ್ಳತಕ್ಕದ್ದು."

ಎರಡನೆಯ ಪಂದ್ಯದ ಬಹುಮಾನವನ್ನು ಸೌಹಾರ್ದದ ದೃಷ್ಟಿಯಿಂದ ಅತಿಥಿ ತಂಡಕ್ಕೆ ಮೊದಲೇ ಕೊಡಲಾಯಿತು. ಇನ್ನು ನಾವು ಸೋಲುವುದೊಂದೇ ಬಾಕಿ. ಅದೇನು ಸುಲಭದ ಕೆಲಸವೇ? ನಮ್ಮ ಆರಂಭಿಕ ಬ್ಯಾಟ್ಸ್‌ಮನ್ ಕಣ್ಣು ಮುಚ್ಚಿ ಬೀಸಿದರೂ ಚೆಂಡು ಗೆರೆ ದಾಟುತ್ತಿತ್ತು. ಸಾಲದ್ದಕ್ಕೆ ಅವರ ಫೀಲ್ಡರುಗಳು ಕೈಗೆ ಬಂದ ಕ್ಯಾಚುಗಳನ್ನೆಲ್ಲ ನೆಲಕ್ಕೆ ಹಾಕಿದರು. ಕೊನೆಗೆ ನಾವು ಬೆವರು ಸುರಿಸಿ ಸೋತೆವು. ಬಹುಮಾನ ವಿತರಣೆ ಎರಡು ಸಲವೂ ಅಚ್ಚುಕಟ್ಟಾಗಿ ನಡೆದಿದೆ, ತೊಂದರೆ ಬಂದಿರುವುದೆಲ್ಲ ಆಟದಿಂದಲೇ ಎಂದು ಕಾರ್ಯದರ್ಶಿಗಳು ಸಭೆಯ ಗಮನಕ್ಕೆ ತಂದರು. ಮೂರನೆಯ ಪಂದ್ಯವನ್ನು ಆಡಿದಂತೆ ಪರಿಗಣಿಸಬೇಕೆಂದು ಒಮ್ಮತದ ನಿರ್ಣಯವಾಯಿತು.

ಅತಿಥಿ ತಂಡದ ಮ್ಯಾನೇಜರು ಮಾತ್ರ ಆಟ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರಂತೆ. ಕಾರ್ಯದರ್ಶಿಗಳು ಸಮಾಧಾನದಿಂದಲೇ ಹೇಳಿದರು. "ಬಹುಮಾನ ಕೊಟ್ಟಾದ್ಮೇಲೆ ಇನ್ನೇನು ಸಾರ್ ಆಟ?" ಮ್ಯಾನೇಜರು ಡೈರಿ ತೆಗೆದು ನೋಡಿ, ಮುಂದಿನ ತಿಂಗಳು ನೀವು ನಮ್ಮಲ್ಲಿಗೆ ಬಂದಾಗಲೂ ಹೀಗೇ ಮಾಡೋಣ, ನಮ್ಮ ಮಂತ್ರಿಗಳಿಗೂ ಪುರುಸೊತ್ತಿಲ್ಲ ಎಂದರು.

ಇಲ್ಲಿ ನೀರಣ್ಣನ ವಿಷಯ ಹೇಳಬೇಕು. ನಮ್ಮ ತಂಡದ ಹನ್ನೆರಡನೆಯ ಆಟಗಾರ. ಒಂಬತ್ತು ವರ್ಷದಿಂದ ಆಡುವವರಿಗೆ ನೀರು ಹೊತ್ತೂ ಹೊತ್ತೂ ಅವನಿಗೆ ಆ ಹೆಸರೇ ಗಟ್ಟಿಯಾಗಿತ್ತು. ಕಣ್ಣು ಮಂಜಾದ ಅವನ ಅಮ್ಮ ಒಂದು ಪಂದ್ಯವನ್ನೂ ಬಿಡದೆ ರೇಡಿಯೋಕ್ಕೆ ಕಿವಿಗೊಟ್ಟು ಕೂರುತ್ತಾರೆ. ಮಗನ ಹೆಸರು ರೇಡಿಯೋದಲ್ಲಿ ಬಂದದ್ದು ಒಂದೇ ಸಲ, ಅವನು ಬಾಟಲಿಗಳ ಸಮೇತ ಜಾರಿ ಬಿದ್ದಾಗ. ವಯಸ್ಸು ಮೀರುವ ಮೊದಲು ಒಂದು ಸಲ ಬ್ಯಾಟು ಹಿಡಿದದ್ದು ಅಮ್ಮನ ಕಿವಿಗೆ ಬಿದ್ದರೆ ಸಾಕು ಎಂದು ನನ್ನೆದುರೇ ಎಷ್ಟೋ ಸಲ ಹೇಳಿದ್ದ. ಅಂತೂ ಮೂರನೆಯ ಪಂದ್ಯದ ಹನ್ನೊಂದು ಜನರಲ್ಲಿ ಅವನ ಹೆಸರಿತ್ತು.

ಸ್ಕೋರು ಬರೆಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು. "ಯಾರಿಗೂ ಬೇಜಾರಾಗ್ದಂಗೆ ಹಂಚ್ರಿ" ಎಂದಿದ್ದರು ಕಾರ್ಯದರ್ಶಿಗಳು. ನೀರಣ್ಣನೆಂದರೆ ನನಗೆ ಅಕ್ಕರೆ. ಔಟಾಗದೆ ನಲವತ್ತು ರನ್ ಕೊಟ್ಟೆ. ಅವನ ಮೊದಲ ಪಂದ್ಯ, ಪಾಪ ಕೈಕಾಲು ನಡುಗುತ್ತವೆ, ಸಹಜವಾಗಿ ಕಾಣಲಿ ಎಂದು ತೊಂಬತ್ತು ಎಸೆತಗಳನ್ನೂ ಕೊಟ್ಟೆ.

ಪಂದ್ಯದ ದಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ಭಾಷಣ, ಬಹುಮಾನ ಎಲ್ಲ ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: "ಪ್ರೇಕ್ಷಕ ಮಹಾಶಯರು ಸ್ಕೋರ್ ಬೋರ್ಡಿನ ಕಡೆ ನೋಡಿ ಸಂತೋಷಪಡಬೇಕಾಗಿ ವಿನಂತಿ." ಮೊದಮೊದಲು ಗುಸುಗುಸು ಇದ್ದದ್ದು ನಿಜ. ಬೋರ್ಡಿನಲ್ಲಿ ಮೊದಲ ನಾಲ್ಕು ರನ್ ಮೂಡಿದ್ದೇ ತಡ, ಚಪ್ಪಾಳೆ ಬಿತ್ತು. ನನ್ನ ಮುಂದೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಮೂರನೆಯ ವಿಕೆಟ್ಟು ಅಂಪೈರನ ಅನ್ಯಾಯವೆಂದು ಪಕ್ಕದವರೊಡನೆ ಜಗಳಕ್ಕೇ ನಿಂತರು.

ಬೋರ್ಡಿನ ಮೇಲೆ ನೀರಣ್ಣನ ಹೆಸರು ಹೊತ್ತಿಕೊಂಡಿತು. ಬೆಳಗಿನಿಂದ ಪ್ಯಾಡು ಕಟ್ಟಿಕೊಂಡು ಕೂತಿದ್ದವನು ಎದ್ದ. ಗ್ಲೌಸು ಹಾಕಿಕೊಂಡ, ಹೆಲ್ಮೆಟ್ಟಿನ ಪಟ್ಟಿ ಬಿಗಿದ, ಮೆಟ್ಟಿಲಿಳಿದು ಬೌಂಡರಿ ಹಗ್ಗದವರೆಗೂ ಬಂದ. ಕಾವಲಿನವನು ಕೈ ಅಡ್ಡ ಹಿಡಿದ.

"ಒಳಗೆ ಬಿಡಲ್ಲ ಸಾರ್. ಆಟ ನಡೀತಿದೆ."

"ನಾನೇ ಕಣಪ್ಪ ಆಡ್ತಿರೋನು."

ಕಾವಲಿನವನು ಬೋರ್ಡಿನ ಕಡೆ ತಿರುಗಿ ನೋಡಿದ. "ಹೌದು, ಆಗ್ಲೇ ಎಂಟು ರನ್ ಆಗಿದೆ. ಈಗ ಹೋಗಿ ಯಾಕೆ ಕೆಡಿಸ್ಕೋತೀರಿ?"

ನೀರಣ್ಣ ಹಗ್ಗದ ಆಚೆ ನೋಡುತ್ತ ನಿಂತ. ಖಾಲಿ ಮೈದಾನದಲ್ಲಿ ಅವನು ನಲವತ್ತು ರನ್ ಪೂರೈಸುವವರೆಗೂ ಅಲ್ಲೇ ನಿಂತಿದ್ದ. ಸುತ್ತಲೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಬ್ಯಾಟು ಎತ್ತಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ನಾನು ಸ್ಕೋರಿನ ಹಾಳೆಯನ್ನು ಮಡಿಚಿ ಜೇಬಿಗಿಟ್ಟೆ. ಆದರೆ ಅದು ಪ್ರಕಟಣೆಗೆ ಸೇರಿದ ವಿಷಯವಲ್ಲ.

ಸಂಜೆ ಅವನ ಜೊತೆ ಮನೆಯವರೆಗೂ ಹೋದೆ. ನಿಜ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಗೊಣಗಿದ. ಬಾಗಿಲು ತೆರೆದ ಅಮ್ಮ ತಡಕಾಡಿ ಅವನ ಎರಡೂ ಕೈ ಹಿಡಿದುಕೊಂಡರು.

"ಆ ಕಡೇ ನಾಲ್ಕು ಹೊಡೆದ್ಯಲ್ಲ, ಕಾಲು ಮುಂದಿಟ್ಟು, ಕವರ್ ಕಡೆಗೆ. ರೇಡಿಯೋದವನು ಹೇಳ್ತಿದ್ರೆ ಕಣ್ಣಿಗೆ ಕಟ್ಟಿದ ಹಾಗಿತ್ತು ಕಣೋ."

ನೀರಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. "ಕವರ್ ಅಲ್ಲಮ್ಮ" ಎಂದ ಕೊನೆಗೆ. "ಸ್ವಲ್ಪ ಪಾಯಿಂಟ್ ಕಡೆಗೆ ಹೋಯ್ತು. ರೇಡಿಯೋದವರಿಗೆ ಅಷ್ಟು ದೂರದಿಂದ ಸರಿಯಾಗಿ ಕಾಣಲ್ಲ."

ಮುಂದಿನ ತಿಂಗಳ ಪ್ರವಾಸಕ್ಕೆ ತಂಡವನ್ನು ಆರಿಸುವ ಸಭೆಯಲ್ಲಿ ನಾನೂ ಇದ್ದೆ. ನಲವತ್ತಕ್ಕೆ ತೊಂಬತ್ತು ಎಸೆತ ತಿಂದದ್ದು ತೀರಾ ನಿಧಾನವಾಯಿತೆಂದು ಆಯ್ಕೆದಾರರು ನೀರಣ್ಣನನ್ನು ಕೈಬಿಟ್ಟರು. ಕಾರಣ ಕೇಳಲು ಅವನೇ ಬಂದ. ಪಂದ್ಯವೇ ನಡೆದಿಲ್ಲ ಎನ್ನುತ್ತಾನೇನೋ ಎಂದು ನನಗೆ ಅಳುಕಿತ್ತು.

"ಪಿಚ್ ನಿಧಾನ ಇತ್ತು ಸಾರ್. ಚೆಂಡು ಬ್ಯಾಟಿಗೇ ಬರ್ತಿರ್ಲಿಲ್ಲ."

"ಅದು ನಾವೂ ನೋಡಿದ್ವಲ್ಲಪ್ಪ" ಎಂದು ಹಿರಿಯ ಆಯ್ಕೆದಾರರು ಒಪ್ಪಿಕೊಂಡರು. ಒಪ್ಪಿ, ಅವನನ್ನು ಹನ್ನೆರಡನೆಯವನಾಗಿ ಸೇರಿಸಿದರು. ಅಲ್ಲಿ ವೇದಿಕೆ ದೊಡ್ಡದು, ಗಣ್ಯರು ಹೆಚ್ಚು. ಪಂದ್ಯಗಳನ್ನು ಆಡಿದಂತೆ ಪರಿಗಣಿಸಿದರೂ ನೀರನ್ನು ಕುಡಿದಂತೆ ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.

ನೀರಣ್ಣ ತಕರಾರು ಮಾಡಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಅಲ್ಲಿಯ ಪಿಚ್ ಹೇಗೆ ಎಂದು ಕೇಳಿದ.

ಸ್ವಲ್ಪ ವೇಗವಂತೆ ಎಂದೆ.